ಹಳೆಯ ಯೆಜ್ಡಿಯೇ, ಹೊಸ ಯೆಜ್ಡಿಯೇ? ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಒಂದೇ ಹೆಸರನ್ನು ಹೊತ್ತ ಎರಡು ಬೇರೆ ಬೇರೆ ಯಂತ್ರಗಳು ಗಿರಾಕಿಯ ಮುಂದೆ ಏಕಕಾಲಕ್ಕೆ ನಿಲ್ಲುವ ಪ್ರಸಂಗ ವ್ಯಾಪಾರದಲ್ಲಿ ಅಪರೂಪ. ಮೈಸೂರಿನ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಯೆಜ್ಡಿ ಮೋಟಾರ್ ಸೈಕಲ್ ಒಂದು. 2022ರ ಜನವರಿಯಲ್ಲಿ ಅದೇ ಹೆಸರಿನಲ್ಲಿ ಮತ್ತೆ ಮಾರುಕಟ್ಟೆಗೆ ಬಂದ, ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗುವ ಯೆಜ್ಡಿ ಮತ್ತೊಂದು. ಟಾಕಿಯ ಮೇಲಿನ ಹೆಸರನ್ನು ಬಿಟ್ಟರೆ ಇವೆರಡರ ನಡುವೆ ಸಮಾನವಾದುದು ಬಹಳ ಕಡಿಮೆ. ಆದರೂ ಕೊಳ್ಳುವವರು ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಬೆಲೆಯೂ ಹಲವು ಸಲ ಹತ್ತಿರ ಹತ್ತಿರವೇ ಇರುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ವರ್ತಕ ಕುಟುಂಬಗಳಲ್ಲಿ ಈ ಪ್ರಶ್ನೆ ಕೇವಲ ಷೋಕಿಗೆ ಸಂಬಂಧಿಸಿದ್ದಲ್ಲ. ತೊಗರಿಯ ಅಡತಿಯನ್ನೋ ಫರಸಿಕಲ್ಲಿನ ಗಣಿಯನ್ನೋ ನಡೆಸುತ್ತಿದ್ದ ತಂದೆಯವರ ಯೆಜ್ಡಿ ಗೋದಾಮಿನ ಮೂಲೆಯಲ್ಲಿ ಚೀಲಗಳ ಹಿಂದೆ ನಿಂತಿರುತ್ತದೆ. ಮಗ ಅದನ್ನು ಎಬ್ಬಿಸಬೇಕೆನ್ನುತ್ತಾನೆ. ಇಲ್ಲವೇ ಹೊಸದನ್ನು ಕೊಡಿಸಿರೆನ್ನುತ್ತಾನೆ. ಎರಡೂ ದಾರಿಗಳಲ್ಲಿ ಲಕ್ಷ ರೂಪಾಯಿ ಮೀರಿದ ಬಂಡವಾಳ ತೊಡಗುತ್ತದೆ. ಒಂದು ದಾರಿಯಲ್ಲಿ ಬಂಡವಾಳಕ್ಕಿಂತ ದೊಡ್ಡದಾದ ಹೊಣೆಯೂ ತಲೆಯ ಮೇಲೆ ಬರುವ ಸಾಧ್ಯತೆಯಿದೆ. ಆದುದರಿಂದ ಈ ವಿಷಯವನ್ನು ಯಂತ್ರ, ಕಾಗದ, ಲೆಕ್ಕಪತ್ರ ಎಂಬ ಮೂರು ದೃಷ್ಟಿಗಳಿಂದ ಪರಿಶೀಲಿಸುವುದು ಉಚಿತವೆನಿಸಿದೆ. ಮೂರರಲ್ಲಿ ಕಾಗದದ ಭಾಗವೇ ದೊಡ್ಡದಾಗಿ ಬಂದಿದ್ದರೆ ಅದಕ್ಕೆ ಕಾರಣವಿದೆ.

ಹೆಸರಿನ ಹಿನ್ನೆಲೆ

ಝೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಸಹಯೋಗದಲ್ಲಿ ಇರಾನಿ ಕುಟುಂಬದವರು ಸ್ಥಾಪಿಸಿದ ಐಡಿಯಲ್ ಜಾವಾ ಕಂಪನಿ 1960ರ ದಶಕದ ಆರಂಭದಿಂದ ಮೈಸೂರಿನ ಯಾದವಗಿರಿಯಲ್ಲಿ ಮೋಟಾರ್ ಸೈಕಲ್ ತಯಾರಿಸಿತು. ಮೊದಲು ಜಾವಾ ಎಂಬ ಹೆಸರಿತ್ತು. 1970ರ ದಶಕದಲ್ಲಿ ಯೆಜ್ಡಿ ಎಂಬ ಸ್ವಂತ ಹೆಸರು ಬಂತು. 1978ರಲ್ಲಿ ಬಂದ ರೋಡ್‌ಕಿಂಗ್ ಮಾದರಿ ಆ ಕಾಲದ ತರುಣರ ಪಾಲಿಗೆ ಸ್ಪೋರ್ಟ್ಸ್ ಗಾಡಿಯೇ ಆಗಿತ್ತು. ಮದ್ರಾಸಿನ ಬಳಿಯ ಶೋಲಾವರಂ ಪಂದ್ಯಗಳಲ್ಲೂ ಮೈಸೂರಿನ ಈ ಗಾಡಿಗಳು ಓಡಿದವು. 1980ರ ದಶಕದ ನಡುಭಾಗದಲ್ಲಿ ಜಪಾನಿ ಸಹಯೋಗದ 100 ಸಿ.ಸಿ. ಗಾಡಿಗಳು ಬಂದು ಇಂಧನ ಮಿತವ್ಯಯವೇ ಮಾರಾಟದ ಮಂತ್ರವಾದಾಗ ಟೂ-ಸ್ಟ್ರೋಕ್ 250 ಸಿ.ಸಿ.ಗೆ ಬೇಡಿಕೆ ಕುಗ್ಗಿತು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಮಹೀಂದ್ರಾ ಸಮೂಹದ ಬಂಡವಾಳವಿರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರ ನವೆಂಬರಿನಲ್ಲಿ ಜಾವಾ ಹೆಸರನ್ನೂ 2022ರ ಜನವರಿಯಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ಬಳಕೆಗೆ ತಂದಿತು. ಹೆಸರಿನ ಬಗೆಗೆ ವ್ಯಾಜ್ಯವೂ ನಡೆಯಿತು. ಮುಚ್ಚಿದ ಕಂಪನಿಯ ಸಾಲಗಾರರ ಹಿತಕ್ಕಾಗಿ ಆ ವ್ಯಾಪಾರ ಮುದ್ರೆ ಸಮಾಪನಾಧಿಕಾರಿಯ ವಶದಲ್ಲಿರಬೇಕೆಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ನವೆಂಬರಿನಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಮುಚ್ಚಿಹೋದ ಕಾರ್ಖಾನೆಯ ಆಸ್ತಿಯಲ್ಲಿ ಯಂತ್ರ, ಕಟ್ಟಡ, ಜಮೀನುಗಳನ್ನಷ್ಟೇ ಲೆಕ್ಕ ಹಿಡಿಯುವ ನಮ್ಮವರು ಈ ಪ್ರಕರಣವನ್ನು ಬೇರೊಂದು ಕಾರಣಕ್ಕಾಗಿಯೂ ಓದಬೇಕು. ಕಾಲು ಶತಮಾನ ಬಳಕೆಯಲ್ಲಿಲ್ಲದ ಹೆಸರಿಗಾಗಿ ಎರಡು ಪಕ್ಷಗಳು ವರ್ಷಗಟ್ಟಲೆ ಹೋರಾಡಿದವೆಂದರೆ ಆ ಹೆಸರಿಗೆ ಬೆಲೆಯಿತ್ತೆಂದೇ ಅರ್ಥ.

ಯಂತ್ರದ ಭೇದ, ನಮ್ಮ ಧೂಳಿನಲ್ಲಿ

ಹಳೆಯದು ಒಂದು ಸಿಲಿಂಡರಿನ, ಎರಡು ಸೈಲೆನ್ಸರುಗಳ ಟೂ-ಸ್ಟ್ರೋಕ್ ಎಂಜಿನ್. ಸುಮಾರು 250 ಸಿ.ಸಿ. ಗಾಳಿಯಿಂದಲೇ ತಣಿಯುವಂಥದು. ಗೇರಿನ ಕಾಲ್ಸನ್ನೆಯೇ ಕಿಕ್ ಕೂಡ ಆಗಿರುವುದು, ಗೇರು ಬದಲಿಸುವಾಗ ಕ್ಲಚ್ ತಾನೇ ಬಿಡಿಸಿಕೊಳ್ಳುವುದು ಇದರ ವೈಶಿಷ್ಟ್ಯಗಳು. ರೋಡ್‌ಕಿಂಗ್ ಕೊಡುತ್ತಿದ್ದ ಶಕ್ತಿ ಸುಮಾರು 16 ಅಶ್ವಶಕ್ತಿ. ಹೊಸ ಯೆಜ್ಡಿಯದು 334 ಸಿ.ಸಿ.ಯ ಫೋರ್-ಸ್ಟ್ರೋಕ್ ಎಂಜಿನ್. ದ್ರವದಿಂದ ತಣಿಯುತ್ತದೆ, ಇಂಧನವನ್ನು ವಿದ್ಯುನ್ಮಾನದ ಮೂಲಕ ಸಿಂಪಡಿಸುತ್ತದೆ, ಹೆಚ್ಚುಕಡಿಮೆ 29 ಅಶ್ವಶಕ್ತಿ ಕೊಡುತ್ತದೆ. ಡಿಸ್ಕ್ ಬ್ರೇಕ್ ಇದೆ, ಚಕ್ರ ಜಾರದಂತೆ ತಡೆಯುವ ಎಬಿಎಸ್ ಇದೆ. ಹಳೆಯದರ ಡ್ರಮ್ ಬ್ರೇಕನ್ನು ನಂಬಿ ಸಿಮೆಂಟ್ ಲಾರಿಗಳ ಸಾಲಿನ ನಡುವೆ ಇಂದಿನ ವೇಗದಲ್ಲಿ ಹೋಗುವುದು ಸರಿಯಲ್ಲ. ಬ್ರೇಕಿನ ವಿಷಯದಲ್ಲಿ ಹಳೆಯದರ ಪರವಾಗಿ ಹೇಳಬಹುದಾದುದು ಏನೂ ಇಲ್ಲ.

ಆದರೆ ಉಳಿದ ವಿಷಯಗಳಲ್ಲಿ ತೀರ್ಮಾನ ಅಷ್ಟು ಸುಲಭವಲ್ಲ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಧೂಳು, ಶಹಾಬಾದಿನ ಕಲ್ಲಿನ ಪುಡಿ, ಚಿಂಚೋಳಿಯ ಎರೆಮಣ್ಣು ಇವೆಲ್ಲ ವಾಹನದ ಸಂದುಗೊಂದುಗಳನ್ನು ಸೇರುತ್ತವೆ. ಹಳೆಯ ಜಾವಾ, ಯೆಜ್ಡಿಗಳ ಚೈನು ಪೂರ್ತಿಯಾಗಿ ಮುಚ್ಚಿದ ಕವಚದೊಳಗೆ ತಿರುಗುತ್ತದೆ. ಧೂಳು ಒಳಗೆ ಹೋಗದ ಕಾರಣ ಚೈನೂ ಹಲ್ಲುಚಕ್ರಗಳೂ ದೀರ್ಘಕಾಲ ಬಾಳುತ್ತವೆ. ಹೊಸದರ ಚೈನು ತೆರೆದಿದೆ. ಎಣ್ಣೆ ಹಚ್ಚಿದ ತೆರೆದ ಚೈನಿಗೆ ಸುಣ್ಣಕಲ್ಲಿನ ಪುಡಿ ಅಂಟಿದರೆ ಅದು ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಆದುದರಿಂದ ಗಣಿಯ ಕಡೆಗೆ ದಿನವೂ ಹೋಗುವವರು ಹೊಸ ಗಾಡಿಯ ಚೈನನ್ನು ಕೈಪಿಡಿಯಲ್ಲಿ ಹೇಳಿದುದಕ್ಕಿಂತ ಹೆಚ್ಚು ಸಲ ತೊಳೆಯಿಸಬೇಕು. ರೇಡಿಯೇಟರಿನ ರೆಕ್ಕೆಗಳ ನಡುವೆ ಕೂತ ಧೂಳನ್ನೂ ತೆಗೆಯಿಸಬೇಕು. ಮಾರ್ಚ್‌ನಿಂದ ಮೇವರೆಗೆ ಉಷ್ಣಾಂಶ 40 ಡಿಗ್ರಿ ದಾಟುವ ನಮ್ಮಲ್ಲಿ ಈ ಕೆಲಸವನ್ನು ಮರೆಯಲಾಗದು.

ಹಳೆಯ ಟೂ-ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕಿಗೆ ಪ್ರತ್ಯೇಕ ಎಣ್ಣೆಯ ವ್ಯವಸ್ಥೆಯಿಲ್ಲ. ಆಯಿಲ್‌ಕಿಂಗ್ ಎಂಬ ಮಾದರಿಗೆ ಮಾತ್ರ ಎಣ್ಣೆಯ ಪಂಪು ಇತ್ತು. ಉಳಿದವುಗಳಲ್ಲಿ ಪೆಟ್ರೋಲಿನೊಂದಿಗೆ ಬೆರೆಸಿದ ಎಣ್ಣೆಯೇ, ಅಂದರೆ ಲೀಟರಿಗೆ ಸುಮಾರು 30ರಿಂದ 40 ಮಿ.ಲೀ., ಬೇರಿಂಗು ಪಿಸ್ಟನ್ನುಗಳನ್ನು ಕಾಯಬೇಕು. ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳು ರಬ್ಬರಿನವು. ಗಾಡಿ ವರ್ಷಗಟ್ಟಲೆ ನಿಂತರೆ ಅವು ಒಣಗಿ ಬಿರುಕುಬಿಡುತ್ತವೆ. ಕ್ಲಚ್ಚಿನ ಬದಿಯ ಸೀಲು ಹೋದರೆ ಗೇರ್ ಪೆಟ್ಟಿಗೆಯ ಎಣ್ಣೆ ಒಳಗೆ ಎಳೆದುಕೊಂಡು ಬಿಳಿ ಹೊಗೆ ಬರುತ್ತದೆ. ಇದು ಕಣ್ಣಿಗೆ ಕಾಣುವ ದೋಷ. ಇನ್ನೊಂದು ಬದಿಯ ಸೀಲು ಹೋದರೆ ಹೊರಗಿನ ಗಾಳಿ ಒಳಗೆ ನುಗ್ಗಿ ಇಂಧನದ ಮಿಶ್ರಣ ತೆಳುವಾಗುತ್ತದೆ. ಹೊಗೆ ಕಡಿಮೆ, ಓಟ ಚುರುಕು, ಕೊಳ್ಳುವವನಿಗೆ ಸಂತೋಷ. ಬಿಸಿಲಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಪಿಸ್ಟನ್ ಹಿಡಿದುಕೊಂಡು ನಿಲ್ಲುತ್ತದೆ. ಹೀಗಾಗಿ ಗ್ಯಾರೇಜಿನ ಮುಂದೆ ಐದು ನಿಮಿಷ ಓಡಿಸಿ ನೋಡುವುದರಿಂದ ಹಳೆಯ ಗಾಡಿಯ ಆರೋಗ್ಯ ತಿಳಿಯದು. ಕುಂಚಾವರಂ ಕಡೆಯ ಕಾಡುರಸ್ತೆಯ ಇಳಿಜಾರುಗಳಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಎಂಜಿನ್ನಿನ ಹಿಡಿತದಲ್ಲೇ ಇಳಿಯುವುದೂ ಈ ಯಂತ್ರಕ್ಕೆ ಒಳ್ಳೆಯದಲ್ಲ. ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಂತೆ. ನಡುನಡುವೆ ಒಂದಿಷ್ಟು ಆಕ್ಸಿಲರೇಟರ್ ಕೊಡುತ್ತಿರಬೇಕು.

ಇಂಧನವೂ ಬದಲಾಗಿದೆ. ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾವೇಶದಲ್ಲಿ ಬಿಡುಗಡೆಯಾಗಿ, ಮುಂದೆ ದೇಶದ ಬಂಕುಗಳಿಗೆಲ್ಲ ವಿಸ್ತರಿಸಿತು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ದಿನವೂ ಓಡುವ ಗಾಡಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ತಿಂಗಳುಗಟ್ಟಲೆ ನಿಲ್ಲುವ ಹಳೆಯ ಗಾಡಿಯಲ್ಲಿ ಟಾಕಿಯ ತಳಕ್ಕೆ ನೀರು ಸೇರಿ ತುಕ್ಕು ಹಿಡಿಯುತ್ತದೆ. ಹಳೆಯ ರಬ್ಬರು ಉಬ್ಬುತ್ತದೆ. ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಕಾರ್ಬ್ಯುರೇಟರಿನ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಬಲ್ಲ ಮಿಸ್ತ್ರಿಯಾದರೆ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕುತ್ತಾನೆ. ಬಾರದವನು ಪ್ಲಗ್ ಬದಲಿಸಿ ಕಳುಹಿಸುತ್ತಾನೆ. 2023ರ ಏಪ್ರಿಲಿನ ನಂತರ ತಯಾರಾದ ಗಾಡಿಗಳಿಗೆ ಈ ಚಿಂತೆಯಿಲ್ಲ.

ಕೊನೆಗೂ ಹಳೆಯ ಗಾಡಿಯ ಸರ್ವಿಸ್ ಕೇಂದ್ರವೆಂದರೆ ಒಬ್ಬ ವ್ಯಕ್ತಿ. ಪಾಯಿಂಟಿನ ಟೈಮಿಂಗ್ ಕೂಡಿಸಬಲ್ಲ, ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಿ ಹೊಸ ಕನೆಕ್ಟಿಂಗ್ ರಾಡ್ ಹಾಕಿ ಮತ್ತೆ ನೇರಗೊಳಿಸಬಲ್ಲ ಮಿಸ್ತ್ರಿ ನಿಮ್ಮ ಊರಲ್ಲಿದ್ದಾನೆಯೇ? ಅವನ ವಯಸ್ಸೆಷ್ಟು? ಅವನ ಬಳಿ ಕಲಿಯುತ್ತಿರುವ ಹುಡುಗನಿದ್ದಾನೆಯೇ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಮೇಲೆ ಗಾಡಿಯ ಬೆಲೆಯನ್ನು ಕೇಳಿದರೆ ಸಾಕು. ಹೊಸದಕ್ಕೂ ಇದೇ ಬಗೆಯ ಪ್ರಶ್ನೆಯುಂಟು. ವಿದ್ಯುನ್ಮಾನ ದೋಷವನ್ನು ಓದಲು ಕಂಪನಿಯ ಉಪಕರಣ ಬೇಕು. ಅಧಿಕೃತ ಸರ್ವಿಸ್ ಕೇಂದ್ರ ನಿಮ್ಮಿಂದ ಎಷ್ಟು ದೂರದಲ್ಲಿದೆ, ಬಿಡಿಭಾಗ ಬರಲು ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಮಾರಾಟಗಾರರಿಂದ ಕೇಳಿದರೆ ಸಾಲದು. ಈಗಾಗಲೇ ಕೊಂಡ ಇಬ್ಬರನ್ನು ವಿಚಾರಿಸಬೇಕು. ಸೇಡಮಿನವರಿಗೆ ಕಲಬುರಗಿ ಸುಮಾರು 55 ಕಿ.ಮೀ.; ಕುಂಚಾವರಂನವರಿಗೆ ಅದಕ್ಕಿಂತ ಬಹಳ ದೂರ.

ಕಾರುಗಳ ಲೋಕದಿಂದ ಎರಡು ಉದಾಹರಣೆ

ಇದೇ ಪ್ರಶ್ನೆ ಸ್ಪೋರ್ಟ್ಸ್ ಕಾರುಗಳ ಲೋಕದಲ್ಲಿ ದೊಡ್ಡ ಮೊತ್ತಗಳೊಂದಿಗೆ ನಡೆದಿದೆ. ಜರ್ಮನಿಯ ಪೋರ್ಶೆ 911 ಕಾರನ್ನು 1963ರಲ್ಲಿ ಮೊದಲು ಪ್ರದರ್ಶಿಸಲಾಯಿತು. 1998ರವರೆಗೂ ಅದರ ಎಂಜಿನ್ ಗಾಳಿಯಿಂದ ತಣಿಯುವಂಥದಾಗಿತ್ತು. ಆಮೇಲೆ ನೀರಿನಿಂದ ತಣಿಯುವ ಎಂಜಿನ್ ಬಂತು. ಹೊಸದು ಹೆಚ್ಚು ವೇಗದ್ದು, ಹೆಚ್ಚು ಸುರಕ್ಷಿತವಾದದ್ದು. ಆದರೂ ಮರುಮಾರಾಟದಲ್ಲಿ ಗಾಳಿ ತಣಿವಿನ ಕೊನೆಯ ಮಾದರಿಗಳು ನೀರು ತಣಿವಿನ ಮೊದಲ ಮಾದರಿಗಳಿಗಿಂತ ಹೆಚ್ಚು ಬೆಲೆ ಪಡೆದವು. ಅವುಗಳ ಸಂಖ್ಯೆ ಇನ್ನು ಹೆಚ್ಚುವಂತಿಲ್ಲ ಎಂಬುದು ಒಂದು ಕಾರಣ. ತಯಾರಕರೇ ಇಂದಿಗೂ ಹಳೆಯ ಕಾರುಗಳಿಗೆ ಬಿಡಿಭಾಗ ಒದಗಿಸುತ್ತಿರುವುದು ಎರಡನೆಯ ಕಾರಣ. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಅರ್ಥವಿಲ್ಲ.

ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಉದಾಹರಣೆಯೂ ಇದೆ. ಬೆಂಗಳೂರಿನ ಸ್ಯಾನ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಸ್ಟಾರ್ಮ್ ಎಂಬ ಇಬ್ಬರು ಕೂರುವ ತೆರೆಮಾಡಿನ ಸ್ಪೋರ್ಟ್ಸ್ ಕಾರನ್ನು ಗೋವಾದಲ್ಲಿ ತಯಾರಿಸಿತು. ಎಂಜಿನ್ ರೆನೋ ಕಂಪನಿಯದು. ಮಾರಾಟವಾದವು ಅತ್ಯಲ್ಪ. ಇಂಥ ಕಾರನ್ನು ಇಂದು ಕೊಂಡವರಿಗೆ ಎಂಜಿನ್ನಿನ ಭಾಗ ಹೇಗೋ ಸಿಕ್ಕೀತು. ಆದರೆ ಬೇರಾವ ಕಾರಿಗೂ ಹೊಂದದ ಬಾಗಿಲು, ಗಾಜು, ದೀಪಗಳು ಒಡೆದರೆ ಮಾಡಿಸಿಯೇ ತೀರಬೇಕು. ವಿರಳವಾದದ್ದೆಲ್ಲ ಬೆಲೆಬಾಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಳೆಯ ಯೆಜ್ಡಿ ಈ ಎರಡರ ನಡುವೆ ನಿಲ್ಲುತ್ತದೆ. ತಯಾರಕರಿಲ್ಲ, ಆದರೆ ಗಾಡಿಗಳು ಸಾಕಷ್ಟು ಸಂಖ್ಯೆಯಲ್ಲಿ ಉಳಿದಿವೆ, ಅಭಿಮಾನಿಗಳ ಸಂಘಗಳಿವೆ, ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸುವ ರೂಢಿಯೂ ಬಂದಿದೆ. ಈ ಬೇಡಿಕೆಯನ್ನು ನಂಬಿ ಸಣ್ಣ ತಯಾರಕರು ಪಿಸ್ಟನ್, ಕೇಬಲ್, ಸೀಲು, ಸೈಲೆನ್ಸರುಗಳನ್ನು ಮಾಡುತ್ತಿದ್ದಾರೆ. ಗುಣಮಟ್ಟ ಮಾತ್ರ ಒಂದೇ ಸಮನಾಗಿಲ್ಲ.

ಕಾಗದಪತ್ರ

ಇಲ್ಲಿಯೇ ಹೆಚ್ಚಿನ ಹಣ ಮುಳುಗುವುದು. ಹಿಡಿದುಕೊಂಡ ಎಂಜಿನ್ನನ್ನು ಬೋರ್ ಮಾಡಿಸಿ ಸರಿಪಡಿಸಬಹುದು. ಇಲ್ಲದ ನೋಂದಣಿಯನ್ನು ಯಾವ ಮಿಸ್ತ್ರಿಯೂ ಸರಿಪಡಿಸಲಾರ. ಆದುದರಿಂದ ಬಣ್ಣ ಬಳಿದು ಹೊಳೆಯುವ, ಒಂದೇ ಕಿಕ್ಕಿಗೆ ಎದ್ದೇಳುವ, ಆದರೆ ಕಾಗದವಿಲ್ಲದ ಗಾಡಿಗಿಂತ, ಎಂಜಿನ್ ಹಿಡಿದು ತುಕ್ಕು ಬಂದಿದ್ದರೂ ಮಾಲೀಕನ ಹೆಸರು ಸ್ಪಷ್ಟವಾಗಿರುವ ಗಾಡಿಗೆ ಹೆಚ್ಚು ಬೆಲೆ ಕೊಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ಮಾರುಕಟ್ಟೆಯಲ್ಲಿ ಹಲವರು ಇದಕ್ಕೆ ತೀರ ವಿರುದ್ಧವಾಗಿ ನಡೆದುಕೊಳ್ಳುತ್ತಾರೆ.

ಖಾಸಗಿ ವಾಹನದ ನೋಂದಣಿ 15 ವರ್ಷಗಳವರೆಗೆ ಊರ್ಜಿತ. ಆಮೇಲೆ ಪರಿಶೀಲನೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 15 ವರ್ಷವಾದ ಗಾಡಿಯನ್ನು ಕಡ್ಡಾಯವಾಗಿ ಗುಜರಿಗೆ ಹಾಕಬೇಕೆಂಬ ಮಾತು ನಮ್ಮ ಭಾಗದಲ್ಲಿ ಹರಡಿದೆ. ಕರ್ನಾಟಕದ ಖಾಸಗಿ ವಾಹನಗಳಿಗೆ ಅಂಥ ನಿಯಮವಿಲ್ಲ. ಆದರೆ ನವೀಕರಣದ ಶುಲ್ಕ ಹೆಚ್ಚಿದೆ. ಮೋಟಾರ್ ಸೈಕಲ್ಲಿಗೆ 2022ರ ಏಪ್ರಿಲಿನಿಂದ 1,000 ರೂ. ಆಯಿತು. 2025ರ ಆಗಸ್ಟಿನ ಅಧಿಸೂಚನೆಯಂತೆ 20 ವರ್ಷ ಮೀರಿದ ಮೋಟಾರ್ ಸೈಕಲ್ಲಿಗೆ 2,000 ರೂ., ಕಾರಿಗೆ 10,000 ರೂ. ರಾಜ್ಯದ ಹಸಿರು ತೆರಿಗೆ ಬೇರೆ. ನವೀಕರಣ ತಡವಾದರೆ ಮೋಟಾರ್ ಸೈಕಲ್ಲಿಗೆ ತಿಂಗಳಿಗೆ 300 ರೂ. ಹೆಚ್ಚುವರಿ ಶುಲ್ಕವೂ 2022ರಿಂದ ನಿಯಮದಲ್ಲಿದೆ. ಗೋದಾಮಿನಲ್ಲಿ ದೀರ್ಘಕಾಲ ನಿಂತ ಗಾಡಿಗೆ ಇದು ದೊಡ್ಡ ಮೊತ್ತವಾಗಬಹುದು. ಯಾವ ದಿನಾಂಕದಿಂದ ಎಣಿಸುತ್ತಾರೆಂಬುದನ್ನು ಸಾರಿಗೆ ಕಚೇರಿಯಲ್ಲಿ ಮೊದಲೇ ಕೇಳಿ, ಆ ಮೊತ್ತವನ್ನು ಗಾಡಿಯ ಬೆಲೆಯಿಂದ ಕಳೆದು ಚೌಕಾಸಿ ಮಾಡಬೇಕು.

ಕೊಳ್ಳುವ ಮೊದಲು ಬಿ-ಎಕ್ಸ್‌ಟ್ರಾಕ್ಟ್ ತೆಗೆಸಬೇಕು. ಸಾರಿಗೆ ಕಚೇರಿಯ ದಾಖಲೆಯಲ್ಲಿ ಮಾಲೀಕ ಯಾರು, ಸಾಲದ ಹೊರೆ ಇದೆಯೇ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳೇನು ಎಂಬುದು ಅದರಿಂದ ತಿಳಿಯುತ್ತದೆ. ಬಹಳ ಹಳೆಯ ಗಾಡಿಗಳ ವಿವರ ಕೈಬರಹದ ದಪ್ಪ ಪುಸ್ತಕಗಳಲ್ಲಿದ್ದು ಗಣಕಯಂತ್ರಕ್ಕೆ ಏರಿರುವುದಿಲ್ಲ. ಅದನ್ನು ಏರಿಸಿಕೊಳ್ಳುವವರೆಗೆ ಯಾವ ಅರ್ಜಿಯೂ ಮುಂದೆ ಸಾಗದು. ಬಿ-ಎಕ್ಸ್‌ಟ್ರಾಕ್ಟಿನ ಸಂಖ್ಯೆಗಳನ್ನು ಗಾಡಿಯ ಮೇಲಿನ ಅಚ್ಚಿನೊಂದಿಗೆ ಹೋಲಿಸುವಾಗ ಕಣ್ಣಳತೆ ಸಾಲದು. ತೆಳುಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಪಡಿಯಚ್ಚು ತೆಗೆಯಬೇಕು. ಒಂದು ಅಂಕಿಯ ಸುತ್ತ ಮಾತ್ರ ಲೋಹ ತಗ್ಗಾಗಿದ್ದರೆ, ಇಲ್ಲವೇ ಬಣ್ಣದಡಿ ಅರದ ಗೆರೆಗಳು ಕಂಡರೆ, ಗಾಡಿ ಎಷ್ಟೇ ಸೊಗಸಾಗಿದ್ದರೂ ಬಿಟ್ಟುಬರಬೇಕು. ಕಳವಿನ ಮಾಲು ಕೊಂಡವನು ಹಣವನ್ನೂ ಗಾಡಿಯನ್ನೂ ಕಳೆದುಕೊಂಡು ಠಾಣೆಗೂ ಅಲೆಯಬೇಕಾಗುತ್ತದೆ.

ನಮ್ಮದು ಗಡಿನಾಡು. ತಾಂಡೂರು, ಜಹೀರಾಬಾದ್, ಹೈದರಾಬಾದುಗಳಿಂದ ಗಾಡಿ ತರುವುದು ಸಹಜ. ಹಾಗೆ ತಂದ ಗಾಡಿಗೆ ಮೂಲ ನೋಂದಣಿ ಕಚೇರಿಯ ನಿರಾಕ್ಷೇಪಣ ಪತ್ರ ಬೇಕು. ಇಲ್ಲಿ ಮರುನೋಂದಣಿಯಾಗಬೇಕು, ತೆರಿಗೆ ಕಟ್ಟಬೇಕು. 2014ರಲ್ಲಿ ತೆಲಂಗಾಣ ರಚನೆಯಾಗುವ ಮುಂಚಿನ ಗಾಡಿಯಾದರೆ ದಾಖಲೆ ಈಗ ಯಾವ ಕಚೇರಿಯಲ್ಲಿದೆ ಎಂಬುದನ್ನು ಹುಡುಕುವುದೇ ಒಂದು ಕೆಲಸ. ಈ ಓಡಾಟವನ್ನು ಮಾರುವವನೇ ಮುಗಿಸಿಕೊಡಬೇಕೆಂಬ ಕರಾರಿನ ಮೇಲೆ ಮುಂಗಡ ಮಾತ್ರ ಕೊಡುವುದು ಕ್ಷೇಮ.

50 ವರ್ಷ ದಾಟಿದ, ಮೂಲಸ್ವರೂಪ ಕೆಡದ ವಾಹನಗಳಿಗೆ 2021ರ ಜುಲೈನ ಕೇಂದ್ರ ನಿಯಮಗಳು ಪ್ರತ್ಯೇಕ ವ್ಯವಸ್ಥೆ ಮಾಡಿವೆ. ಹೊಸ ನೋಂದಣಿಗೆ 20,000 ರೂ., ಅವಧಿ 10 ವರ್ಷ, ಮರುನೋಂದಣಿಗೆ 5,000 ರೂ.; ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ವಿ.ಎ. ಎಂಬ ಗುರುತು ಬರುತ್ತದೆ. 1960ರ ದಶಕದ ಮೈಸೂರು ಜಾವಾಗಳು ಈ ವರ್ಗಕ್ಕೆ ಸೇರುತ್ತವೆ. ರೋಡ್‌ಕಿಂಗ್‌ಗಳಲ್ಲಿ ಅತಿ ಹಳೆಯದಕ್ಕೂ 2028ರವರೆಗೆ ಕಾಯಬೇಕು. ಆದರೆ ಈ ಫಲಕದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದವುಗಳಿಗಷ್ಟೇ ರಸ್ತೆಗೆ ತರಬಹುದು. ಅಂಗಡಿಗೆ ದಿನವೂ ಓಡಿಸುವಂತಿಲ್ಲ. ವರ್ತಕರಿಗೆ ಇದು ಪ್ರತಿಷ್ಠೆಯ ಫಲಕವೇ ಹೊರತು ಉಪಯೋಗದ್ದಲ್ಲ.

ನೋಂದಣಿ ಮುಗಿದ ಗಾಡಿಯನ್ನು ರಸ್ತೆಗಿಳಿಸಿದರೆ ಮೊದಲ ಸಲಕ್ಕೆ 5,000 ರೂ. ವರೆಗೆ ದಂಡ ಎಂಬುದು ಸಣ್ಣ ಮಾತು. ನಿಜವಾದ ಅಪಾಯ ವಿಮೆಯದು. ಊರ್ಜಿತ ನೋಂದಣಿಯಿಲ್ಲದ ವಾಹನವನ್ನು ಬಳಸಿದ್ದು ಪಾಲಿಸಿಯ ಮೂಲಭೂತ ಷರತ್ತಿನ ಉಲ್ಲಂಘನೆ ಎಂದು 2021ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಕಾರು ಕಳವಿನ ಪ್ರಕರಣವೊಂದರಲ್ಲಿ ಹೇಳಿದೆ. ವಿಮೆಯೇ ಇಲ್ಲದ ಗಾಡಿಯಿಂದ ದಾರಿಹೋಕನಿಗೆ ಪೆಟ್ಟಾದರೆ ನ್ಯಾಯಮಂಡಳಿ ವಿಧಿಸುವ ಪರಿಹಾರವನ್ನು ಮಾಲೀಕನೇ ತನ್ನ ಆಸ್ತಿಯಿಂದ ಕೊಡಬೇಕು. ಏಕಮಾಲೀಕತ್ವದ ವ್ಯಾಪಾರದಲ್ಲಿ ಮಾಲೀಕನ ಆಸ್ತಿಯೂ ಅಂಗಡಿಯ ಆಸ್ತಿಯೂ ಬೇರೆಯಲ್ಲ. ಮಗನ ಭಾನುವಾರದ ಸವಾರಿಗಾಗಿ ಗೋದಾಮನ್ನೇ ಪಣಕ್ಕಿಡುವಂಥ ಸ್ಥಿತಿ ಇದು.

ಲೆಕ್ಕಪತ್ರದ ದೃಷ್ಟಿ

ಲೆಕ್ಕಕ್ಕಾಗಿ ಮಾತ್ರ ಹೊಸ ಗಾಡಿಯ ಬೆಲೆ 2,00,000 ರೂ. ಎಂದು ಹಿಡಿಯೋಣ. ವಿಮಾ ಮೌಲ್ಯದ ರೂಢಿಯ ಪಟ್ಟಿಯಂತೆ ಐದನೆಯ ವರ್ಷದಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಅಂದರೆ ವರ್ಷಕ್ಕೆ ಸರಾಸರಿ 20,000 ರೂ. ಸವಕಳಿ. ಬಂಡವಾಳದ ಮೇಲೆ ಶೇ. 9ರ ಬಡ್ಡಿ 18,000 ರೂ. ವರ್ಷಕ್ಕೆ 10,000 ಕಿ.ಮೀ. ಓಡಿಸುವವರಿಗೆ ಎರಡೂ ಸೇರಿ ಕಿಲೋಮೀಟರಿಗೆ 3 ರೂ. 80 ಪೈಸೆ. ಹಳೆಯ ಗಾಡಿಗೆ ಖರೀದಿ, ದುರಸ್ತಿ ಎಲ್ಲ ಸೇರಿ 1,50,000 ರೂ. ತೊಡಗಿಸಿ, ಬೆಲೆ ಒಂದು ಪೈಸೆಯೂ ಇಳಿಯುವುದಿಲ್ಲವೆಂದೇ ಒಪ್ಪಿಕೊಂಡರೂ ಬಡ್ಡಿ 13,500 ರೂ. ವರ್ಷಕ್ಕೆ 1,000 ಕಿ.ಮೀ. ಓಡಿಸಿದರೆ ಕಿಲೋಮೀಟರಿಗೆ 13 ರೂ. 50 ಪೈಸೆ. ಪೆಟ್ರೋಲು, ಎಣ್ಣೆ, ಮಿಸ್ತ್ರಿಯ ಕೂಲಿ ಇನ್ನೂ ಸೇರಿಲ್ಲ.

ಹಾಗಾದರೆ ಹಳೆಯದನ್ನೇ 10,000 ಕಿ.ಮೀ. ಓಡಿಸಿದರಾಯಿತಲ್ಲ ಎಂದು ಕೇಳಬಹುದು. ಬಡ್ಡಿಯ ಪಾಲು 1 ರೂ. 35 ಪೈಸೆಗೆ ಇಳಿಯುವುದು ನಿಜ. ಆದರೆ ಹಳೆಯ ಗಾಡಿಯ ಬೆಲೆ ನಿಂತಿರುವುದು ಮೈಸೂರು ಕಾರ್ಖಾನೆಯ ಮೂಲಭಾಗಗಳು ಉಳಿದಿವೆ ಎಂಬುದರ ಮೇಲೆ. ದಿನವೂ ಓಡಿಸಿದರೆ ಅವು ಸವೆದು ಅವುಗಳ ಜಾಗಕ್ಕೆ ಇಂದಿನ ಭಾಗಗಳು ಬರುತ್ತವೆ. ಬೆಲೆ ಇಳಿಯುವುದಿಲ್ಲವೆಂಬ ಊಹೆಯೇ ಅಲ್ಲಿಗೆ ಬಿದ್ದುಹೋಗುತ್ತದೆ. ಹೊಸದರ ಬೆಲೆ ಓಡಿಸಿದರೂ ನಿಲ್ಲಿಸಿದರೂ ಪಂಚಾಂಗ ನೋಡಿ ಇಳಿಯುತ್ತದೆ. ಆದುದರಿಂದ ಅದನ್ನು ಓಡಿಸುವುದೇ ಲಾಭ. ಹಳೆಯದು ಕಡಿಮೆ ಓಡಿಸಿದಷ್ಟೂ ಬೆಲೆ ಉಳಿಸಿಕೊಳ್ಳುತ್ತದೆ. ಹಾಗೆಂದು ಪೂರ್ತಿ ನಿಲ್ಲಿಸಿದರೆ ಸೀಲು ಒಣಗುತ್ತದೆ.

ತೆರಿಗೆಯ ವಿಷಯವನ್ನು ಚಿಕ್ಕದಾಗಿ ಹೇಳಬಹುದು. 350 ಸಿ.ಸಿ.ವರೆಗಿನ ಮೋಟಾರ್ ಸೈಕಲ್ಲಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ; ಅದಕ್ಕಿಂತ ದೊಡ್ಡವಕ್ಕೆ ಶೇ. 40. 334 ಸಿ.ಸಿ.ಯ ಯೆಜ್ಡಿ ಕಡಿಮೆ ದರದ ಬದಿಯಲ್ಲಿದೆ. ಗಾಡಿ ಅಂಗಡಿಯ ಹೆಸರಿನಲ್ಲಿದ್ದರೂ ಇದರ ಹೂಡುವಳಿ ತೆರಿಗೆ ಜಮೆ ಸಾಮಾನ್ಯ ವರ್ತಕರಿಗೆ ಸಿಗದು. ನೋಂದಾಯಿತ ಹಳೆವಾಹನ ವ್ಯಾಪಾರಿಯಿಂದ ಕೊಂಡರೆ 2025ರ ಜನವರಿಯಿಂದ ಅವರ ಲಾಭಾಂಶದ ಮೇಲೆ ಶೇ. 18 ತೆರಿಗೆ, ನೋಂದಣಿಯಿಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡರೆ ಜಿ.ಎಸ್.ಟಿ. ಇಲ್ಲ. ವ್ಯವಹಾರಕ್ಕೆ ಬಳಸುವ ಗಾಡಿಯ ಮೇಲೆ ಆದಾಯ ತೆರಿಗೆಯಲ್ಲಿ ಇಳಿಕೆಯ ಮೌಲ್ಯದ ಶೇ. 15ರಂತೆ ಸವಕಳಿ ತೋರಿಸಬಹುದು. ಸ್ವಂತ ಬಳಕೆಯ ಹಳೆಯ ಗಾಡಿಯನ್ನು ಲಾಭಕ್ಕೆ ಮಾರಿದರೆ ಅದು ವೈಯಕ್ತಿಕ ಬಳಕೆಯ ವಸ್ತುವಾದ್ದರಿಂದ ಬಂಡವಾಳ ಲಾಭದ ತೆರಿಗೆಗೆ ಒಳಪಡುವುದಿಲ್ಲ. ಹೀಗಾಗಿ ಹಳೆಯದನ್ನು ಅಂಗಡಿಯ ಪುಸ್ತಕಕ್ಕೆ ಸೇರಿಸದಿರುವುದೇ ಲೇಸು. ವರ್ಷಕ್ಕೆ ನಾಲ್ಕು ಗಾಡಿ ಕೊಂಡು ಮಾರುವವರಿಗೆ ಈ ಮಾತು ಅನ್ವಯಿಸದು, ಅದು ವ್ಯಾಪಾರವೇ.

ವಿಮೆಯಲ್ಲಿ ಐದು ವರ್ಷ ಮೀರಿದ ಗಾಡಿಯ ಮೌಲ್ಯವನ್ನು ವಿಮಾ ಕಂಪನಿಯೂ ಮಾಲೀಕನೂ ಮಾತಾಡಿ ನಿಗದಿ ಮಾಡಬೇಕು. ದುರಸ್ತಿಯ ಬಿಲ್ಲುಗಳು, ಮೊದಲಿನ ಮತ್ತು ನಂತರದ ಛಾಯಾಚಿತ್ರಗಳು ಕೈಯಲ್ಲಿಲ್ಲದಿದ್ದರೆ ಗುಜರಿಯ ಬೆಲೆಗೇ ಒಪ್ಪಬೇಕಾಗುತ್ತದೆ. ಮಿಸ್ತ್ರಿ ಬಿಲ್ಲು ಕೊಡುವುದಿಲ್ಲವೆಂದರೆ ವೋಚರಿನ ಮೇಲೆ ಸಹಿ ಪಡೆಯಬೇಕು.

ಯಾರಿಗೆ ಯಾವುದು

ಮಳಖೇಡದಿಂದ ಸೇಡಮಿಗೆ, ಶಹಾಬಾದಿನಿಂದ ವಾಡಿಗೆ ದಿನವೂ ಹೋಗಿಬರುವ, ಗಾಡಿ ಕೆಟ್ಟರೆ ಅಂದಿನ ವಸೂಲಿ ನಿಲ್ಲುವ ವರ್ತಕರಿಗೆ ಹೊಸದೇ ಸರಿ; ಅದೂ ಸರ್ವಿಸ್ ಕೇಂದ್ರ ತಲುಪುವ ದೂರದಲ್ಲಿದ್ದರೆ ಮಾತ್ರ. ಇಲ್ಲದಿದ್ದರೆ ಹೆಸರಿನ ಮೋಹ ಬಿಟ್ಟು ಊರಲ್ಲೇ ದುರಸ್ತಿಯಾಗುವ ಬೇರೊಂದು ಗಾಡಿ ಕೊಳ್ಳುವುದು ಮೇಲು. ದಿನದ ಕೆಲಸಕ್ಕೆ ಬೇರೆ ಗಾಡಿ ಇದ್ದು, ತೊಡಗಿಸುವ ಹಣ ವ್ಯಾಪಾರದ ದುಡಿಯುವ ಬಂಡವಾಳದಿಂದ ಬಾರದೆ ಇದ್ದರೆ, ಹಳೆಯದನ್ನು ಸಂತೋಷದಿಂದ ಕೊಳ್ಳಬಹುದು. ಅದರ ಧ್ವನಿಗೂ ಸರಳತೆಗೂ ಹೊಸದರಲ್ಲಿ ಬದಲಿಯಿಲ್ಲ ಎಂಬುದನ್ನು ಅಲ್ಲಗಳೆಯಲಾಗದು. ಬೆಲೆ ಏರುತ್ತದೆಂಬ ಆಸೆಯಿಂದ ಸಾಲ ಮಾಡಿ ಕೊಳ್ಳುವವರು ಮಾತ್ರ ಮೇಲಿನ ಬಡ್ಡಿಯ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು.

ಗೋದಾಮಿನಲ್ಲಿ ಈಗಾಗಲೇ ಗಾಡಿಯಿರುವವರ ಸ್ಥಿತಿ ಬೇರೆ. ಅವರಿಗೆ ಖರೀದಿಯ ಖರ್ಚಿಲ್ಲ, ಚಾಸಿಸ್ ಸಂಖ್ಯೆಯ ಸಂಶಯವಿಲ್ಲ. ನೋಂದಣಿ ದಿವಂಗತ ತಂದೆಯವರ ಹೆಸರಿನಲ್ಲೇ ಉಳಿದಿರುವುದು ಮಾತ್ರ ತೊಡಕು. ಮಾಲೀಕನ ಮರಣಾನಂತರ ವಾಹನ ಪಡೆದವರು ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸಬೇಕೆಂಬುದು ನಿಯಮ. ವರ್ಷಗಳೇ ಕಳೆದಿದ್ದರೆ ದಂಡ ಕಟ್ಟಿ ಸಲ್ಲಿಸಬೇಕು. ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆಯ ಪ್ರಮಾಣಪತ್ರ, ಸಿಕ್ಕರೆ ಮೂಲ ಆರ್.ಸಿ. ಪುಸ್ತಕ ಬೇಕು. ಪುಸ್ತಕ ಕಳೆದಿದ್ದರೆ ಪೊಲೀಸ್ ದೂರಿನೊಂದಿಗೆ ನಮೂನೆ 26ರಲ್ಲಿ ನಕಲು ಪ್ರತಿಗೆ ಅರ್ಜಿ ಹಾಕಬೇಕು. ಅಣ್ಣತಮ್ಮಂದಿರು ಬೇರೆ ಬೇರೆ ಊರುಗಳಲ್ಲಿದ್ದರೆ ಯುಗಾದಿಗೋ ಜಾತ್ರೆಗೋ ಒಟ್ಟಾಗಿ ಸೇರಿದಾಗ ಸಹಿ ಮಾಡಿಸಿಕೊಳ್ಳುವುದು ಅನುಕೂಲ. ಹೆಸರು ಬದಲಾಗಿ, ನವೀಕರಣದ ಮೊತ್ತವೆಷ್ಟೆಂಬುದು ತಿಳಿಯುವವರೆಗೆ ಮಿಸ್ತ್ರಿಗೆ ಮುಂಗಡ ಕೊಡಬೇಕಾಗಿಲ್ಲ. ಅಷ್ಟರಲ್ಲಿ ಮಾಡಬಹುದಾದ ಕೆಲಸ ಒಂದೇ: ಟಾಕಿಯಲ್ಲಿ ಉಳಿದ ಹಳೆಯ ಪೆಟ್ರೋಲನ್ನು ತೆಗೆದು, ಪ್ಲಗ್ ಬಿಚ್ಚಿ ಸಿಲಿಂಡರಿಗೆ ಎರಡು ಚಮಚ ಟೂ-ಸ್ಟ್ರೋಕ್ ಎಣ್ಣೆ ಬಿಟ್ಟು, ಕಿಕ್ಕನ್ನು ಬಲವಂತ ಮಾಡದೆ ಹಾಗೆಯೇ ಬಿಡುವುದು.